1799ರ ಸೆಂಟ್: ತೊಳೆಯಬೇಡಿ, ಮೊದಲು ಆ 9 ನೋಡಿ

ನಿಮ್ಮ ಹತ್ತಿರ ಇರುವ 1799ರ ಅಮೆರಿಕನ್ ಲಾರ್ಜ್ ಸೆಂಟ್, ಅಂದರೆ ಹಳೇ ಕಾಲದ ದೊಡ್ಡ ತಾಮ್ರದ ನಾಣ್ಯ, ಕಪ್ಪಾಗಿದೆ, ಅಲ್ಲಲ್ಲಿ ಗುಂಡಿ ಬಿದ್ದಿದೆ, ತೊಳೆದರೆ ಬೆಲೆ ಜಾಸ್ತಿ ಸಿಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಹುಣಸೆಹಣ್ಣು ಹಾಕಿ ಉಜ್ಜಲು ಇದು ದೇವರ ಮನೆ ತಂಬಿಗೆ ಅಲ್ವಲ್ಲ! ಉಜ್ಜಿದ ತಾಮ್ರ ಒಂಥರಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಬೆಲೆ ಅಲ್ಲಿಗೇ ಬಿತ್ತು. ಈ ವರ್ಷದವು ಬಹುಪಾಲು ಕಪ್ಪಗೆ, ಸವೆದೇ ಸಿಗುತ್ತವೆ.

ನನಗೆ ಅನುಮಾನ ಇಸವಿ ಮೇಲೆ. 1799ರದ್ದು ಅಪರೂಪ, 1798ರ ಸೆಂಟ್ ಸುಲಭವಾಗಿ ಸಿಗುತ್ತದೆ, ಅದರ 8 ಕೆತ್ತಿ 9 ಮಾಡಿ ಮಾರುವುದು ಹಳೇ ಆಟ. ಭೂತಗನ್ನಡಿ ಹಿಡಿದು, ಬೆಳಕು ಪಕ್ಕದಿಂದ ಬೀಳುವಂತೆ ಓರೆ ಮಾಡಿ, 9ರ ಕೆಳಗೆ ಎಡಗಡೆ ತಾಮ್ರ ತಗ್ಗಾಗಿದೆಯಾ, ಸಣ್ಣ ಗೀರುಗಳಿವೆಯಾ, ಅಷ್ಟು ಜಾಗದ ಬಣ್ಣ ಮಾತ್ರ ಬೇರೆಯಾ ಅಂತ ನೋಡಿ. ಆದರೆ 8ರ ಗುರುತು ಕಂಡ ತಕ್ಷಣ ನಕಲಿ ಅನ್ನಬೇಡಿ, ಟಂಕಸಾಲೆಯಲ್ಲೇ 8ರ ಮೇಲೆ 9 ಹೊಡೆದ ಅಚ್ಚೂ ಒಂದಿದೆ.

ತೂಕ ಹಾಕಿಸಿ. ಹೊಸದರಲ್ಲಿ 10.89 ಗ್ರಾಂ, ಸವೆದು ಸ್ವಲ್ಪ ಕಮ್ಮಿ ಇದ್ದರೆ ಸರಿ. ಅಂಚಿನ ಸುತ್ತ ಜೋಡಣೆಯ ಗೆರೆ ಕಂಡರೆ ಅದು ಎರಕದ ನಕಲಿ.

ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಅನ್ನುವ ದರ್ಜೆಗೆ ಬಂದರೆ, ಈಗ ಎಲ್ಲರೂ ಬಳಸುವ 1ರಿಂದ 70ರ (70 ಅಂದರೆ ಒಂದೂ ಕುಂದಿಲ್ಲದ್ದು) ಶೆಲ್ಡನ್ ಅಳತೆ 1949ರಲ್ಲಿ ಶುರುವಾಗಿದ್ದೇ ಈ ಸೆಂಟುಗಳಿಗಾಗಿ. ನಿಮ್ಮದರಲ್ಲಿ ತಲೆಯ ಆಕಾರ, ಇಸವಿ, ಅಕ್ಷರ ಓದಲು ಬರುತ್ತವೆ ಅಂದರೆ ಸವೆತದ ಲೆಕ್ಕದಲ್ಲಿ 4 ಕೊಡಬಹುದು, ಆದರೆ ಹಳೇ ತಾಮ್ರ ಕೂಡಿಡುವವರು ಗುಂಡಿಗಳಿಗೆ ಅಂಕ ಕಳೆದು 2 ಅಥವಾ 3 ಅನ್ನುತ್ತಾರೆ. ಇಸವಿ ಅಸಲಿಯಾದರೆ ಅದಕ್ಕೂ ಒಳ್ಳೇ ಬೆಲೆಯಿದೆ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿಗೆ ಕಳಿಸಿ ಖಚಿತ ಮಾಡಿಕೊಳ್ಳಿ, ಅಲ್ಲಿವರೆಗೆ ಸುಮ್ನೆ ಯಾರಿಗೂ ಬೆಲೆ ಹೇಳಬೇಡಿ.