ವೆಂಟ್‌ವರ್ತ್ ಕುರಿತ ನಿಮ್ಮ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಸಾಹತಿನ ರಾಜಕಾರಣಿಯೂ ಕುರಿಗಾವಲುಗಳ ಒಡೆಯನೂ ಆಗಿದ್ದ ವಿಲಿಯಂ ಚಾರ್ಲ್ಸ್ ವೆಂಟ್‌ವರ್ತ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಇಸವಿಗಳು ಸರಿಯಾಗಿವೆ, ಭಾಷೆ ಅಚ್ಚುಕಟ್ಟಾಗಿದೆ. ಆದರೂ ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ.

ಅವನ ಭೂಮಿ ಒಂದು ಅಧ್ಯಾಯದಲ್ಲಿ, ರಾಜಕಾರಣ ಇನ್ನೊಂದರಲ್ಲಿ ಉಳಿದುಬಿಟ್ಟಿವೆ. 1813ರಲ್ಲಿ ಬ್ಲ್ಯಾಕ್ಸ್‌ಲ್ಯಾಂಡ್ ಮತ್ತು ಲಾಸನ್ ಜೊತೆ ಅವನು ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಬೆಟ್ಟಸಾಲು ದಾಟಿದ್ದನ್ನು ಬರೀ ಸಾಹಸವೆಂದು ಬರೆದಿದ್ದೀರಿ. ಅದು ಮೇವಿನ ನೆಲ ಹುಡುಕಿ ಹೊರಟ ಪ್ರಯಾಣವೂ ಹೌದು. 'ಜನರಿಲ್ಲದ ಬಯಲು' ಎಂಬ ಮಾತನ್ನು ದಯವಿಟ್ಟು ತೆಗೆದುಬಿಡಿ. ಬೆಟ್ಟದಾಚೆಯ ಆ ಬಯಲು ಮೂಲನಿವಾಸಿಗಳಾದ ವಿರಾಡ್ಜುರಿ ಜನರದು. ಅಲ್ಲಿ ಅವರಿಗೂ ವಲಸಿಗರಿಗೂ ಕಾದಾಟ ಎಷ್ಟು ಬಿಗಡಾಯಿಸಿತೆಂದರೆ 1824ರಲ್ಲಿ ಗವರ್ನರ್ ಬ್ರಿಸ್ಬೇನ್ ಬ್ಯಾಥರ್ಸ್ಟ್ ಸೀಮೆಯಲ್ಲಿ ಸೇನಾ ಕಾನೂನು ಘೋಷಿಸಿದ. 'ಎಸ್ಟೇಟ್' ಎಂದರೆ ನಮ್ಮ ಓದುಗರಿಗೆ ಕೊಡಗಿನ ಕಾಫಿ ತೋಟ ಕಾಣುತ್ತದೆ. 'ಕಾವಲು' ಎನ್ನಿ, ಹುಲ್ಲೂ ಹಿಂಡೂ ಒಟ್ಟಿಗೇ ಕಣ್ಣೆದುರು ಬರುತ್ತವೆ.

1840ರಲ್ಲಿ ಅವನೂ ಜೊತೆಗಾರರೂ ಮಾವೋರಿ ನಾಯಕರಿಂದ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಸುಮಾರು 2 ಕೋಟಿ ಎಕರೆ ಕೊಳ್ಳಲು ಹೊರಟಾಗ ತಡೆದವನು ಗವರ್ನರ್ ಗಿಪ್ಸ್. ಇನ್ನು ನ್ಯೂ ಸೌತ್ ವೇಲ್ಸ್‌ನಲ್ಲಿ, ಸರ್ಕಾರಿ ನೆಲದಲ್ಲಿ ಕುರಿ ಮೇಯಿಸಲು, ಒಂದು ಜಿಲ್ಲೆಯಲ್ಲಿ ಎಷ್ಟು ಕಾವಲುಗಳಿದ್ದರೂ ವರ್ಷಕ್ಕೆ 10 ಪೌಂಡಿನ ಒಂದೇ ಪರವಾನಗಿ ಸಾಕಾಗಿತ್ತು. ಅದೇ ಗಿಪ್ಸ್ 1844ರಲ್ಲಿ ಕಾವಲಿಗೊಂದು ಪರವಾನಗಿ ಎಂದಾಗ ಕಾವಲುದಾರರ ಮುಂದಾಳಾಗಿ ನಿಂತವನು ವೆಂಟ್‌ವರ್ತ್. ಈ ಎರಡು ಸಂಗತಿಗಳ ನಡುವೆ ನಿಮ್ಮಲ್ಲಿ ಹನ್ನೆರಡು ಪುಟಗಳ ಅಂತರವಿದೆ. ಅವನ್ನು ಅಕ್ಕಪಕ್ಕ ಇಡಿ.

ಸಿಡ್ನಿಯಲ್ಲಿದ್ದ ಅವನ ವೋಕ್ಲೂಸ್ ಬಂಗಲೆಯ ವರ್ಣನೆ ಒಂದು ಪ್ಯಾರಾಕ್ಕೆ ಇಳಿಯಲಿ. ಉಳಿದ ಜಾಗವನ್ನು 1853ಕ್ಕೆ ಕೊಡಿ. ಬಟ್ಟೆ ಕದ್ದ ಅಪರಾಧಕ್ಕೆ ಆಸ್ಟ್ರೇಲಿಯಕ್ಕೆ ಗಡೀಪಾರಾದ ಕ್ಯಾಥರೀನ್ ಕ್ರೌಲಿಯ ಮಗನಾದ ವೆಂಟ್‌ವರ್ತ್, ವಸಾಹತಿನ ಹೊಸ ಸಂವಿಧಾನದಲ್ಲಿ ವಂಶಪಾರಂಪರ್ಯ ಪದವಿಗಳಿರಬೇಕೆಂದು ಕೇಳಿದ. ಅದನ್ನು ಸಿಡ್ನಿಯ ಸಭೆಯೊಂದರಲ್ಲಿ 'ಬನ್ಯಿಪ್ ಶ್ರೀಮಂತಿಕೆ' ಎಂದು ಹಂಗಿಸಿದ ಡೇನಿಯಲ್ ಡೆನಿಹಿಯೂ ಗಡೀಪಾರಾದವರ ಮಗನೇ. ಬನ್ಯಿಪ್ ಎಂಬುದು ಅಲ್ಲಿನ ಮೂಲನಿವಾಸಿಗಳ ಕಥೆಗಳಲ್ಲಿ ಜೌಗಿನಲ್ಲಿ ಅಡಗಿರುವ ಪ್ರಾಣಿ. ಆ ಸಲಹೆ ಬಿದ್ದುಹೋಯಿತು. ಇಷ್ಟು ದೊಡ್ಡ ಗಳಿಗೆಯನ್ನು ನೀವು ಒಂದೇ ವಾಕ್ಯದಲ್ಲಿ ದಾಟಿದ್ದು ನನಗೆ ನಿಜಕ್ಕೂ ನೋವು ತಂದಿತು.

ಲೇಖನವನ್ನು ಆ ಸಭೆಯಿಂದಲೇ ಆರಂಭಿಸಿ ನೋಡಿ. ತಿದ್ದಿದ ಪ್ರತಿಯನ್ನು ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ