ಕೌಂಟರಿನಲ್ಲಿ ಯಾರು ಕೂರುತ್ತಾರೆ, ಡಾಕ್ಟರೇ?

ಪತ್ರ: ಗಂಗಾವತಿಯಲ್ಲಿ ಹೊಸದಾಗಿ ಕ್ಲಿನಿಕ್ ತೆರೆಯುತ್ತಿದ್ದೇನೆ. ರೋಗಿಗಳು ಮರೆಯದಂಥ ಅನುಭವ ಕೊಡಬೇಕು ಎಂದು ಹೈದರಾಬಾದಿನ ಸಲಹೆಗಾರರೊಬ್ಬರು ಪಟ್ಟಿ ಕೊಟ್ಟಿದ್ದಾರೆ. ಎಸಿ, ಮೀನಿನ ತೊಟ್ಟಿ, ಕಾಫಿ ಮಷಿನ್, ಹುಟ್ಟುಹಬ್ಬಕ್ಕೆ ಮೆಸೇಜ್. ರೋಗಿಯನ್ನು ಗ್ರಾಹಕ ಅಂತ ನೋಡುವುದು ಸರಿಯಾ? ನಮ್ಮ ಕಡೆ ಇದೆಲ್ಲ ಬೇಕಾ? (ಓದುಗ ವೈದ್ಯರು, ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಎಸಿ ಹಾಕಿಸಿಬಿಡಿ, ಡಾಕ್ಟರೇ. ಏಪ್ರಿಲ್, ಮೇ ಬಿಸಿಲಿಗೆ ನಮ್ಮ ಕೊಪ್ಪಳ, ರಾಯಚೂರಿನಲ್ಲಿ ಆರಾಮಿದ್ದವರೂ ಮಲಗುತ್ತಾರೆ. ಕುಡಿಯಲು ತಣ್ಣನೆ ನೀರಿಡಿ, ಶೌಚಾಲಯ ಸ್ವಚ್ಛ ಇರಲಿ. ಸಲಹೆಗಾರರ ಮಾತಿಗೆ ನನ್ನ ಒಪ್ಪಿಗೆ ಇಷ್ಟಕ್ಕೇ ಮುಗಿಯಿತು.

ಗ್ರಾಹಕನಾ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 1995ರಲ್ಲೇ ಉತ್ತರ ಕೊಟ್ಟಿದೆ. ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ. ಹುಟ್ಟುಹಬ್ಬದ ಮೆಸೇಜ್ ಮಾತ್ರ ಬೇಡ. ನಮ್ಮ ಕಡೆ ಎಷ್ಟೋ ಹಿರಿಯರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1, ಇಲ್ಲವೇ ಮಾಸ್ತರು ಬರೆಸಿದ ಜೂನ್ 1. ನಿಮ್ಮ ಕಂಪ್ಯೂಟರ್ ಒಂದೇ ದಿನ ಅರ್ಧ ತಾಲ್ಲೂಕಿಗೆ ಶುಭಾಶಯ ಕಳಿಸುತ್ತದೆ!

ಜನ ನೆನಪಿಟ್ಟುಕೊಳ್ಳುವುದು ಬೇರೆಯದನ್ನು. ನಾನು ಹುಡುಗನಾಗಿದ್ದಾಗ ರಾಯಚೂರಿನಲ್ಲಿ ಒಂದು ಸಣ್ಣ ದವಾಖಾನೆ ಇತ್ತು. ಸುಣ್ಣದ ಗೋಡೆ, ಕಟ್ಟಿಗೆ ಬೆಂಚು. ಕಂಪೌಂಡರ್ ಚೀಟಿ ಕೊಡುವಾಗಲೇ ಹೇಳಿಬಿಡುತ್ತಿದ್ದರು: "ನಿನ್ನ ಪಾಳಿ ಬರಾಕ ಎರಡ್ ತಾಸು ಬೇಕವ್ವ, ಸಂತಿ ಮುಗಿಸ್ಕೊಂಡು ಬಾ." ಹಳ್ಳಿಯವರು ಸಂತೆ ಮಾಡಿ, ಮಂಡಕ್ಕಿ ಮಿರ್ಚಿ ತಿಂದು ಬರುತ್ತಿದ್ದರು. ಹೊತ್ತು ಅಷ್ಟೇ ಹಿಡಿಯುತ್ತಿತ್ತು, ಗೊಣಗುವವರು ಇರಲಿಲ್ಲ. ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾದರೆ ಅದು ಇನ್ನೂ ಉದ್ದ ಅನಿಸುತ್ತದೆ ಎಂದು ವ್ಯವಹಾರ ನಿರ್ವಹಣೆಯ ತಜ್ಞ ಡೇವಿಡ್ ಮೈಸ್ಟರ್ ಎಂಬವರು 1985ರಲ್ಲಿ ಬರೆದಿದ್ದಾರೆ. ಇಂದಿನ ಕ್ಲಿನಿಕ್ಕುಗಳಲ್ಲಿ ಕೇಳಿದರೆ "ಕೂಡ್ರಿ, ಕರೀತೀವಿ" ಅಷ್ಟೇ.

ಅದಕ್ಕಿಂತ ಕೆಟ್ಟದ್ದು ಕೌಂಟರಿನ ಪ್ರಶ್ನೆ. ಮೂವತ್ತು ಜನರ ಮುಂದೆ ಒಬ್ಬ ಹೆಣ್ಣುಮಗಳಿಗೆ ಗಟ್ಟಿಯಾಗಿ "ಏನಾಗೇತಿ?" ಎಂದರೆ ಆಕೆ ಏನು ಹೇಳಬೇಕು? "ಹೊಟ್ಟಿ ಬ್ಯಾನಿ" ಅನ್ನುತ್ತಾಳೆ. ಒಳಗೆ ಬಂದ ಮೇಲೂ ಚೀಟಿಯಲ್ಲಿ ಬರೆದದ್ದನ್ನೇ ಹಿಡಿದುಕೊಳ್ಳುತ್ತಾಳೆ. ನೀವು ಆ ಸುಳ್ಳಿಗೇ ಗುಳಿಗೆ ಬರೆಯುತ್ತೀರಿ.

ನಿಮ್ಮ ಬಗ್ಗೆಯೂ ಒಂದು ಮಾತು, ಸಿಟ್ಟಾಗಬೇಡಿ. ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಾರೆ ಎಂದು 1984ರಲ್ಲೇ ಅಮೆರಿಕದ ಸಂಶೋಧಕರಾದ ಬೆಕ್‌ಮನ್ ಮತ್ತು ಫ್ರಾಂಕೆಲ್ ತೋರಿಸಿದರು. 2017ರಲ್ಲಿ, ಡಾಕ್ಟರು ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಎಂಬ 67 ದೇಶಗಳ ಲೆಕ್ಕ ಬಂತು. ಒಬ್ಬ ರೋಗಿಗೆ ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಜಾಸ್ತಿ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ನಮ್ಮಲ್ಲಿ ಸುಮಾರು 2 ನಿಮಿಷ. ದಿನಕ್ಕೆ ನೂರು ಜನ ಬರುತ್ತಾರೆ ಅಂತೀರಿ, ಗೊತ್ತು. ಆದರೆ ನಮ್ಮ ಜನ ಮಾತಾಡುವ ರೀತಿ ನಿಮಗೂ ಗೊತ್ತಲ್ವಾ? ಮೊದಲು ಮಳೆ, ಬಸ್ಸು, ಸೊಸೆಯ ಬಾಣಂತನ. ಬಾಗಿಲ ತನಕ ಹೋಗಿ ತಿರುಗಿ, "ಮತ್ತ ಇನ್ನೊಂದ್ ಐತ್ರಿ ಸಾಹೇಬ್ರ" ಅನ್ನುತ್ತಾರೆ. ಅವರು ಬಂದದ್ದೇ ಅದನ್ನು ಹೇಳಲು. ಅಷ್ಟೊತ್ತಿಗೆ ನಿಮ್ಮ ಕೈ ಮುಂದಿನವರನ್ನು ಕರೆಯುವ ಗಂಟೆಯ ಮೇಲಿರುತ್ತದೆ.

ಇದೇ ಜನ ಹೈದರಾಬಾದಿಗೋ ಹುಬ್ಬಳ್ಳಿಗೋ ಬಸ್ಸು ಹತ್ತಿ, ದಪ್ಪ ಫೈಲು ಹಿಡಿದು ವಾಪಸ್ಸು ಬರುತ್ತಾರೆ. ಡಾಕ್ಟರು ಏನಂದರು ಅಂತ ಕೇಳಿ ನೋಡಿ. "ಏನೂ ಹೇಳ್ಲಿಲ್ರಿ, ಬರೆದು ಕೊಟ್ಟಾರ." ಕೇಂದ್ರದ ದೊಡ್ಡ ಆಸ್ಪತ್ರೆ ಏಮ್ಸ್ ಬೇಕೆಂದು ರಾಯಚೂರಿನವರು 2022ರ ಮೇನಿಂದ ಧರಣಿ ಕೂತರು. ರಾಯಚೂರು ಕೇಳಿದ್ದ ಐಐಟಿ ಧಾರವಾಡಕ್ಕೆ ಹೋದ ನೋವು ಇನ್ನೂ ಆರಿಲ್ಲ, ಏಮ್ಸ್ ಬೇಡಿಕೆ ನ್ಯಾಯವಾದದ್ದೇ. ಆದರೆ ಕಟ್ಟಡ ಬಂದರೂ ಅದರ ಕಿಟಕಿಯಲ್ಲಿ ನಾಡಕಚೇರಿಯ ದನಿಯೇ ಕೇಳಿಸಿದರೆ? ಪಹಣಿಗೆ ಹೋದರೂ ಅದೇ, ಬ್ಯಾಂಕಿಗೆ ಹೋದರೂ ಅದೇ. ಪ್ಯಾಂಟಿನವನಿಗೆ "ಬರ್ರಿ", ಧೋತರದ ಮುದುಕನಿಗೆ "ಏ, ಆ ಕಡೆ ನಿಲ್ಲು". ಬೈಸಿಕೊಂಡೇ ಕೆಲಸ ಮಾಡಿಸಿಕೊಳ್ಳಬೇಕು ಅಂತ ನಮ್ಮ ಭಾಗದ ಜನ ಒಪ್ಪಿಕೊಂಡುಬಿಟ್ಟಿದ್ದಾರೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಆದ್ದರಿಂದ ಕೌಂಟರಿಗೆ ಸುಮ್ನೆ ಯಾರನ್ನೋ ಕೂರಿಸಬೇಡಿ. ಧೋತರದವರಿಗೂ "ಬರ್ರಿ ಅಜ್ಜಾರ" ಅನ್ನುವವರನ್ನು ಹುಡುಕಿ. ಕನ್ನಡದ ಜೊತೆ ತೆಲುಗು, ಉರ್ದು ಬಂದರೆ ಇನ್ನೂ ಒಳ್ಳೆಯದು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿಂದ ಬರುವವರು ನಿಮ್ಮಲ್ಲಿ ಜಾಸ್ತಿ. ಸಂಬಳ ಚೆನ್ನಾಗಿ ಕೊಡಿ. ಇಲ್ಲವಾದರೆ ಅಂಥವರನ್ನು ಪಕ್ಕದ ಮೊಬೈಲ್ ಅಂಗಡಿಯವರು ಕರೆದುಕೊಂಡು ಹೋಗುತ್ತಾರೆ.