ಕಂಪನಿ ನಾಟಕದ ಹಾಡು ಕಥೆಗೆ ಅಡ್ಡಿಯೇ?

ಊರೂರು ಸುತ್ತುವ ವೃತ್ತಿ ತಂಡಗಳ ಕಂಪನಿ ನಾಟಕದಲ್ಲಿ ಹಾಡು ಬಂದರೆ ಕಥೆ ನಿಂತೇಹೋಗುತ್ತದೆ, ಅದನ್ನೂ ಮ್ಯೂಸಿಕಲ್ (ಹಾಡಿನ ಮೂಲಕ ಕಥೆ ಹೇಳುವ ನಾಟಕ) ಅನ್ನಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಅನ್ನಬಹುದು. ಗುಬ್ಬಿ ಕಂಪನಿ ಶುರುವಾದದ್ದು 1884ರಲ್ಲಿ. ಮೈಕ್ ಇಲ್ಲದ ಕಾಲ, ಕೊನೆಯ ಸಾಲಿಗೂ ಮುಟ್ಟುವ ಕಂಠ ನಟನಿಗೆ ಬೇಕೇ ಬೇಕಿತ್ತು. ಕಾಲಿನಿಂದ ಗಾಳಿ ಒತ್ತಿ ನುಡಿಸುವ ಲೆಗ್ ಹಾರ್ಮೋನಿಯಂ ಶ್ರುತಿ ಹಿಡಿದರೆ ಸಾಕು, ಮಾತು ಹಾಡಾಗುತ್ತಿತ್ತು. ಜನ ‘ಒನ್ಸ್ ಮೋರ್’ ಅಂದರೆ ಅದೇ ಹಾಡು ಮತ್ತೆ! ಹಾಗಾಗಿ ನಿಮ್ಮ ತಕರಾರೂ ಸುಳ್ಳಲ್ಲ ಬಿಡಿ.

ಆದರೆ ಹುಡುಗನಾಗಿದ್ದಾಗ ಅದೇ ಗುಬ್ಬಿ ಕಂಪನಿ ಸೇರಿದ್ದ ರಂಗ ನಿರ್ದೇಶಕ ಬಿ.ವಿ. ಕಾರಂತರು ಮುಂದೆ ಏನು ಮಾಡಿದರು ನೋಡಿ. ‘ಸತ್ತವರ ನೆರಳು’ ನಾಟಕದಲ್ಲಿ ಪುರಂದರದಾಸರ ಪದಗಳನ್ನೇ ತಂದು ಮಠದ ರಾಜಕೀಯವನ್ನು ಚುಚ್ಚಿದರು. ಭಕ್ತಿಯ ಸಾಲೇ ಅಲ್ಲಿ ವ್ಯಂಗ್ಯವಾಗಿ ಕೇಳಿಸುತ್ತದೆ. ಕಥೆ ನಿಲ್ಲುವುದಿಲ್ಲ, ಹಾಡಿನಲ್ಲೇ ಮುಂದೆ ಹೋಗುತ್ತದೆ. ಎಲ್ಲಾದರೂ ಪ್ರಯೋಗ ಇದ್ದರೆ ತಪ್ಪಿಸಿಕೊಳ್ಳಬೇಡಿ.